ಅಂಡಮಾನ್ ಟಿಕೆಟ್ ಆಗಿದೆ, ಅದೇ ವಾರ ಮುಟ್ಟಿನ ಡೇಟು: ಗುಳಿಗೆ ತಗೊಳ್ಳಲಾ?

ಪ್ರಶ್ನೆ: ನನಗೆ 25 ವರ್ಷ. ತವರು ಶಹಾಪುರ, ಕೊಟ್ಟಿದ್ದು ಕಲಬುರಗಿಗೆ. ಈ ಡಿಸೆಂಬರ್ ಮೊದಲ ವಾರ ಮದುವೆಯಾಯಿತು. ಸಂಕ್ರಾಂತಿ ಮುಗಿಸಿಕೊಂಡು ಜನವರಿ 18ರಿಂದ 23ರವರೆಗೆ ಅಂಡಮಾನ್‌ಗೆ ಹನಿಮೂನ್ ಹೋಗುತ್ತಿದ್ದೇವೆ. ನಮ್ಮ ಮನೆಯವರು ನನಗೆ ಸರ್‌ಪ್ರೈಸ್ ಕೊಡಬೇಕೆಂದು ಕೇಳದೆಯೇ ಟಿಕೆಟ್ ಮಾಡಿಸಿದ್ದಾರೆ. ಸ್ಕೂಬಾ ಡೈವಿಂಗ್‌ಗೂ ದುಡ್ಡು ಕಟ್ಟಿದ್ದಾರೆ. ಆದರೆ ನನಗೆ 28ರಿಂದ 30 ದಿನಕ್ಕೆ ಮುಟ್ಟಾಗುತ್ತದೆ. ಈ ತಿಂಗಳು 21ಕ್ಕೆ ಆಯಿತು. ಅಂದರೆ ಮುಂದಿನದು ಸರಿಯಾಗಿ ಅಲ್ಲಿರುವಾಗಲೇ. ಇದನ್ನು ಅವರಿಗೆ ಹೇಳಲು ನಾಚಿಕೆ. ನೆಗೆಣ್ಣಿ ಹೋದ ವರ್ಷ ಮೈಲಾಪುರ ಜಾತ್ರೆಗೆಂದು ತಂದಿದ್ದ ಮುಟ್ಟು ಮುಂದೂಡುವ ಗುಳಿಗೆ ಉಳಿದಿವೆ ಅಂತ ಕೊಟ್ಟಿದ್ದಾರೆ. ದಿನಕ್ಕೊಂದು ತಗೋ, ಮಕ್ಕಳಾಗದಂತೆಯೂ ತಡೆಯುತ್ತದೆ ಅನ್ನುತ್ತಾರೆ. ನಮಗೂ ಒಂದು ವರ್ಷ ಮಕ್ಕಳು ಬೇಡ. ಅತ್ತೆಗೆ ಗೊತ್ತಾಗಿ, ಹೊಸದಾಗಿ ಮದುವೆಯಾದವಳು ಅಂಥ ಗುಳಿಗೆ ನುಂಗಿದರೆ ಗರ್ಭಕೋಶ ಒಣಗಿಹೋಗುತ್ತದೆ ಎಂದರು. ಅವತ್ತಿನಿಂದ ನಿದ್ದೆ ಇಲ್ಲ. ಅಲ್ಲದೆ ನನಗೆ ಈಜು ಬರುವುದಿಲ್ಲ, ಬಸ್ಸಿನಲ್ಲೂ ವಾಂತಿಯಾಗುತ್ತದೆ. ಮತ್ತೆ ಆಗಾಗ ಅರೆತಲೆನೋವು ಬರುತ್ತದೆ, ಅದಕ್ಕೆ ಮೊದಲು ಕಣ್ಣ ಮುಂದೆ ಮಿಂಚಿದಂತಾಗುತ್ತದೆ. ಏನು ಮಾಡಲಿ ಡಾಕ್ಟರ್?
— ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ಮೊದಲು ಆ ಸ್ಟ್ರಿಪ್ ಪಕ್ಕಕ್ಕಿಡಿ. ಬಿಸಾಡುವುದು ಬೇಡ. ಆದರೆ ಅದರಿಂದ ಒಂದೂ ಗುಳಿಗೆ ತಗೊಳ್ಳಬೇಡಿ. ಯಾಕೆ ಅಂತ ಹೇಳುತ್ತೇನೆ. ಕಾರಣ ನಿಮ್ಮ ಅತ್ತೆ ಹೇಳಿದ್ದಲ್ಲ. ನೀವೇ ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ ಒಂದು ಸಾಲು.

ಕಲಬುರಗಿಯಲ್ಲಿ ಹೆರಿಗೆ ಡಾಕ್ಟರಾಗಿ 20 ವರ್ಷದ ಮೇಲಾಯಿತು. ನಮ್ಮ ಕಡೆ ಈ ಗುಳಿಗೆಗೂ ಒಂದು ಸೀಸನ್ ಇದೆ. ಶರಣಬಸವೇಶ್ವರ ಜಾತ್ರೆಯ ತೇರು ಹತ್ತಿರ ಬಂದಾಗ, ಶ್ರಾವಣದಲ್ಲಿ, ಮದುವೆ ಮುಹೂರ್ತಗಳ ತಿಂಗಳಲ್ಲಿ ಹೆಂಗಸರು ಬಂದು ದನಿ ತಗ್ಗಿಸಿ ಕೇಳುತ್ತಾರೆ: 'ಮೇಡಂ, ಡೇಟ್ ಮುಂದ ಹಾಕೂ ಗುಳಿಗಿ ಬರಕೊಡ್ರಿ.' ನನ್ನ ಹತ್ತಿರ ಬರುವವರು ಕಡಿಮೆ. ಮೆಡಿಕಲ್‌ಗೆ ತಮ್ಮನನ್ನೋ ಮಗನನ್ನೋ ಕಳಿಸಿ ತರಿಸುವವರೇ ಜಾಸ್ತಿ. ಡಾಕ್ಟರ ಚೀಟಿ ಮೇಲೆ ಕೊಡಬೇಕಾದ ಗುಳಿಗೆ ಅದು. ಆದರೂ ಜ್ವರದ ಗುಳಿಗೆಯಂತೆ ಮನೆಯಿಂದ ಮನೆಗೆ ಓಡಾಡುತ್ತದೆ. ಹಾಗಾಗಿ ಈ ಉತ್ತರ ನಿಮಗೊಬ್ಬರಿಗೇ ಅಲ್ಲ.

ಆ ಗುಳಿಗೆ ಏನು ಮಾಡುತ್ತದೆ ಅಂತ ಮೊದಲು ನೋಡೋಣ. ತಿಂಗಳು ತಿಂಗಳು ಗರ್ಭಕೋಶದ ಒಳಗೆ ಒಂದು ಮೆತ್ತನೆಯ ಪದರ ಬೆಳೆಯುತ್ತದೆ. ಬೀಗರು ಬರುತ್ತಾರೆಂದು ಜಮಖಾನ ಹಾಸಿ ಇಡುತ್ತೇವಲ್ಲ, ಹಾಗೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಎನ್ನುವ ಹಾರ್ಮೋನು ಇಳಿಯುತ್ತದೆ. ಅದು ಇಳಿದಾಗ ಪದರ ಕಳಚಿ ಹೊರಗೆ ಬರುತ್ತದೆ. ಅದೇ ಮುಟ್ಟು. ನಿಮ್ಮ ನೆಗೆಣ್ಣಿ ಕೊಟ್ಟದ್ದು ಬಹುಶಃ ನೊರೆಥಿಸ್ಟರೋನ್ 5 ಮಿಲಿಗ್ರಾಂ. ಇದು ಪ್ರೊಜೆಸ್ಟರಾನ್ ಜಾತಿಯ ಔಷಧಿ. ಇದನ್ನು ತಗೊಳ್ಳುತ್ತಿರುವಷ್ಟು ದಿನ ಹಾರ್ಮೋನು ಇಳಿದಿದೆ ಅಂತ ಗರ್ಭಕೋಶಕ್ಕೆ ಗೊತ್ತೇ ಆಗುವುದಿಲ್ಲ. ಗುಳಿಗೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಅಷ್ಟೇ.

ಹಾಗಿದ್ದರೆ ಗರ್ಭಕೋಶ ಒಣಗುವುದೆಲ್ಲಿಂದ? ಒಣಗುವುದಿಲ್ಲ. ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎನ್ನುವವರೂ ಇದ್ದಾರೆ, ಅದೂ ಸುಳ್ಳು. ಪದರ ಇನ್ನೂ ಕಳಚಿಯೇ ಇಲ್ಲ, ಉಳಿಯುವುದು ಎಲ್ಲಿ? ಒಂದು ಸಲ, ಒಂದು ವಾರ ಹತ್ತು ದಿನ ತಗೊಂಡರೆ ಮುಂದೆ ಬಸಿರಾಗುವುದಕ್ಕೆ ತೊಂದರೆಯಿಲ್ಲ. ಆದರೆ ನಿಮ್ಮ ಅತ್ತೆಯವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಆ ಭಯ ಎಲ್ಲಿಂದ ಬರುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಮೊದಲಿಂದಲೇ ಮುಟ್ಟು ಏರುಪೇರಾಗಿದ್ದ ಹುಡುಗಿ, ಅಂಡಾಶಯದಲ್ಲಿ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗುವ ತೊಂದರೆ, ಇದ್ದದ್ದು ಯಾರಿಗೂ ಗೊತ್ತಿಲ್ಲ. ಮದುವೆಗೆಂದು ಒಮ್ಮೆ ಗುಳಿಗೆ ತಗೊಂಡಳು. ಎರಡು ವರ್ಷ ಮಕ್ಕಳಾಗಲಿಲ್ಲ. ಊರೆಲ್ಲ ಆ ಗುಳಿಗೆಯನ್ನೇ ನೆನಪಿಟ್ಟುಕೊಂಡಿತು. ಕಾಯಿಲೆ ಮೊದಲೇ ಇತ್ತು. ಸೊಸೆಗೆ ಏನೂ ಆಗದಿರಲಿ ಅಂತಲೇ ಅವರು ಹೇಳಿದ್ದು. ಹಾಗಾಗಿ ಅವರ ಮೇಲೆ ಬೇಜಾರಾಗಬೇಡಿ.

ನೆಗೆಣ್ಣಿ ಹೇಳಿದ್ದರಲ್ಲಿ ಮಾತ್ರ ಎರಡು ತಪ್ಪಿವೆ. ಎರಡೂ ದೊಡ್ಡ ತಪ್ಪುಗಳು.

ಒಂದು, ದಿನಕ್ಕೊಂದು ಸಾಲುವುದಿಲ್ಲ. ಸಾಮಾನ್ಯವಾಗಿ ಬರೆದುಕೊಡುವುದು ದಿನಕ್ಕೆ ಮೂರು, ಮುಟ್ಟು ನಿರೀಕ್ಷೆ ಇರುವ ದಿನಕ್ಕಿಂತ ಮೂರು ದಿನ ಮೊದಲಿಂದ. ಡೇಟು ಆಚೀಚೆ ಆಗುವವರು ಬೇಗ ಬರಬಹುದಾದ ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ಲೆಕ್ಕದಲ್ಲಿ 21ಕ್ಕೆ 28 ದಿನ ಸೇರಿಸಿದರೆ ಜನವರಿ 18. ಯಾವುದೇ ಗುಳಿಗೆ ಶುರು ಮಾಡುವುದಿದ್ದರೆ 15ಕ್ಕೇ ಮಾಡಬೇಕು, ವಿಮಾನ ಹತ್ತುವ ದಿನವಲ್ಲ. ಮುಟ್ಟು ಶುರುವಾದ ಮೇಲೆ ತಗೊಂಡರೆ ಪ್ರಯೋಜನವಿಲ್ಲ. ಜಾತ್ರೆಯ ಹಿಂದಿನ ದಿನ ಓಡಿ ಬರುವವರಿಗೆ ನಾನು ಏನೂ ಮಾಡಲಾಗದೆ ವಾಪಸ್ ಕಳಿಸಿದ್ದಿದೆ.

ಎರಡು, ಇದು ಗರ್ಭ ತಡೆಯುವ ಗುಳಿಗೆ ಅಲ್ಲ. ಇದನ್ನು ನಾನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ಹನಿಮೂನ್ ಮುಗಿಸಿ ಬಂದ ಒಬ್ಬ ಹುಡುಗಿ ನನ್ನ ಎದುರು ಕೂತು, 'ಗುಳಿಗಿ ತಗೊಂಡಿದ್ನೆಲ್ರೀ ಮೇಡಂ, ಹೆಂಗ ನಿಂತದ?' ಎಂದು ಅತ್ತಿದ್ದು ಇನ್ನೂ ನೆನಪಿದೆ. ಅವಳಿಗೂ ಹೀಗೇ ಯಾರೋ ಹೇಳಿದ್ದರು. ಮುಟ್ಟು ಮುಂದೂಡುವ ಈ ಗುಳಿಗೆ ಬೇರೆ, ಗರ್ಭ ತಡೆಯುವ ಗುಳಿಗೆ ಬೇರೆ.

ಇನ್ನೂ ಒಂದು ತೊಡಕಿದೆ. 21ರ ಮುಟ್ಟಾದ ಮೇಲೆ ಎಂದಾದರೂ ಕಾಂಡೋಮ್ ಇಲ್ಲದೆ ಸೇರಿದ್ದರೆ, ಜನವರಿಯಲ್ಲಿ ಮುಟ್ಟು ನಿಂತದ್ದು ಗುಳಿಗೆಯಿಂದಲೋ ಗರ್ಭದಿಂದಲೋ ಗೊತ್ತಾಗುವುದಿಲ್ಲ. ಡೇಟಿಗೆ ಮೂರು ದಿನ ಮೊದಲು ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿದರೆ, ಗರ್ಭ ಇದ್ದರೂ ಇಲ್ಲವೆಂದು ತೋರಿಸಬಹುದು. ಹಾಗಾಗಿ ಅಂಥ ದಿನ ಇದ್ದಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಗುಳಿಗೆ ತಗೊಂಡವರು ಯಾರೇ ಆಗಲಿ, ನಿಲ್ಲಿಸಿ ಹತ್ತು ದಿನವಾದರೂ ಮುಟ್ಟಾಗದಿದ್ದರೆ ಪರೀಕ್ಷೆ ಮಾಡಲೇಬೇಕು.

ಈಗ ಆ ಒಂದು ಸಾಲಿಗೆ ಬರುತ್ತೇನೆ. ತಲೆನೋವಿಗೆ ಮೊದಲು ಕಣ್ಣ ಮುಂದೆ ಮಿಂಚುತ್ತದೆ ಎಂದಿದ್ದೀರಿ. ಹೇಗೆ ಮಿಂಚುತ್ತದೆ? ಹಲ್ಲುಹಲ್ಲಾದ ಗೆರೆಯಂತೆ ಬೆಳಕು ಶುರುವಾಗಿ, ನಿಧಾನಕ್ಕೆ ಹರಡಿ, ಹತ್ತಿಪ್ಪತ್ತು ನಿಮಿಷ ಇದ್ದು, ಆಮೇಲೆ ತಲೆಯ ಒಂದು ಕಡೆ ಬಡಿಯಲು ಶುರುವಾಗುತ್ತದಾ? ಪುಸ್ತಕ ಓದುವಾಗ ಅಕ್ಷರದ ಅರ್ಧ ಕಾಣದಂತಾಗುತ್ತದಾ? ಹೌದಾದರೆ ಅದಕ್ಕೆ ನಾವು ಔರಾ ಇರುವ ಮೈಗ್ರೇನ್ ಅನ್ನುತ್ತೇವೆ. ಬರೀ ಬಿಸಿಲಿಗೆ ಕಣ್ಣು ಕುಕ್ಕುವುದು, ಎದ್ದಾಗ ಕತ್ತಲೆ ಬರುವುದು ಬೇರೆ. ಇದನ್ನು ಎದುರಿಗೆ ಕೂತು ಕೇಳಿ, ಬಿಪಿ ನೋಡಿಯೇ ಹೇಳಬೇಕು. ಪತ್ರದಲ್ಲಿ ತೀರ್ಮಾನ ಮಾಡಲಾರೆ.

ಇದು ಯಾಕೆ ಮುಖ್ಯ? ಔರಾ ಇರುವ ಮೈಗ್ರೇನ್ ಇದ್ದವರಿಗೆ ಈಸ್ಟ್ರೋಜೆನ್ ಎನ್ನುವ ಇನ್ನೊಂದು ಹೆಣ್ಣು ಹಾರ್ಮೋನು ಇರುವ ಗುಳಿಗೆ ಕೊಡುವುದಿಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆಗುವ ಅಪಾಯ ಅವರಲ್ಲಿ ಸ್ವಲ್ಪ ಹೆಚ್ಚು, ಈಸ್ಟ್ರೋಜೆನ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಿಮ್ಮ ವಯಸ್ಸಿನಲ್ಲಿ ಇದು ತೀರಾ ಅಪರೂಪ, ಗಾಬರಿಯಾಗಬೇಡಿ. ಆದರೂ ಗೊತ್ತಿದ್ದೂ ಅತ್ತ ಕೈ ಹಾಕುವುದು ಬೇಡ. ಬೇರೆ ಯಾರಾದರೂ ಈ ಪತ್ರ ಬರೆದಿದ್ದರೆ, 'ಈಸ್ಟ್ರೋಜೆನ್ ಪ್ರೊಜೆಸ್ಟರಾನ್ ಎರಡೂ ಇರುವ ಗರ್ಭನಿರೋಧಕ ಗುಳಿಗೆ ತಗೊಳ್ಳಿ, ಮುಟ್ಟನ್ನೂ ಮುಂದೂಡಬಹುದು, ಗರ್ಭವೂ ನಿಲ್ಲುವುದಿಲ್ಲ, ಒಂದೇ ಗುಳಿಗೆಯಲ್ಲಿ ಎರಡು ಕೆಲಸ' ಎಂದು ಬರೆಯುತ್ತಿದ್ದೆ. ನಿಮಗೆ ಅದನ್ನು ಬರೆಯಲಾರೆ.

ನೊರೆಥಿಸ್ಟರೋನ್‌ನಲ್ಲಿ ಈಸ್ಟ್ರೋಜೆನ್ ಇಲ್ಲವಲ್ಲ ಎಂದು ನೀವು ಕೇಳಬಹುದು. ಇಲ್ಲ, ನಿಜ. ಆದರೆ ದಿನಕ್ಕೆ ಮೂರು ಗುಳಿಗೆಯ ಪ್ರಮಾಣದಲ್ಲಿ ಹೋದಾಗ, ಅದರ ಒಂದು ಸಣ್ಣ ಪಾಲು ದೇಹದೊಳಗೆ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ಮೆಡಿಕಲ್ ಅಂಗಡಿಯವನು ಇದನ್ನು ಹೇಳುವುದಿಲ್ಲ, ಅವನಿಗೆ ನಿಮ್ಮ ತಲೆನೋವೂ ಗೊತ್ತಿಲ್ಲ. ಮೈಗ್ರೇನ್ ಅಷ್ಟೇ ಅಲ್ಲ. ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು, ಅಪ್ಪ ಅಮ್ಮ ಅಣ್ಣ ತಂಗಿಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾಗಾಗಿದ್ದವರು, ಲಿವರ್ ತೊಂದರೆ ಇರುವವರು, ಕಾರಣ ಗೊತ್ತಿಲ್ಲದೆ ನಡುನಡುವೆ ರಕ್ತ ಹೋಗುತ್ತಿರುವವರು ಇದನ್ನು ತಾವಾಗಿ ತಗೊಳ್ಳಲೇಬಾರದು. ಉಳಿದವರಿಗೆ ಸಾಮಾನ್ಯವಾಗಿ ಆಗುವುದು ಹೊಟ್ಟೆ ಉಬ್ಬರ, ಸ್ತನಗಳಲ್ಲಿ ನೋವು, ವಾಕರಿಕೆ, ಸುಮ್ಮಸುಮ್ಮನೆ ಸಿಟ್ಟು. ಹನಿಮೂನ್‌ನಲ್ಲಿ ಕಾರಣವಿಲ್ಲದೆ ಸಿಡುಕಿದರೆ ಗಂಡನಿಗೆ ಏನು ಅರ್ಥವಾಗಬೇಕು ಹೇಳಿ?

ಹಾಗಾದರೆ ನಿಮ್ಮ ಮುಂದೆ ಇರುವ ದಾರಿ ಯಾವುದು?

ಗುಳಿಗೆಯೇ ಬೇಕೆಂದರೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಎನ್ನುವುದೊಂದಿದೆ. ಅದೂ ಪ್ರೊಜೆಸ್ಟರಾನ್ ಜಾತಿಯದೇ, ಆದರೆ ದೇಹದಲ್ಲಿ ಈಸ್ಟ್ರೋಜೆನ್ ಆಗಿ ಬದಲಾಗುವುದಿಲ್ಲ. ನಿಮ್ಮಂಥವರಿಗೆ ನಾನು ಮೊದಲು ಯೋಚಿಸುವುದು ಅದನ್ನೇ. ಎಷ್ಟು, ಯಾವಾಗ ಅಂತ ನಿಮ್ಮನ್ನು ನೋಡಿದ ಡಾಕ್ಟರೇ ಬರೆಯಬೇಕು. ಇದೂ ಗರ್ಭ ತಡೆಯುವುದಿಲ್ಲ, ಕಾಂಡೋಮ್ ಬೇಕೇ ಬೇಕು. ಯಾವ ಗುಳಿಗೆ ತಗೊಂಡರೂ ಕೆಲವರಿಗೆ ನಡುವೆ ಸ್ವಲ್ಪ ಕಲೆ ಕಾಣಿಸುತ್ತದೆ. ಬ್ಯಾಗಿನಲ್ಲಿ ಪ್ಯಾಡ್ ಇರಲಿ. ಗುಳಿಗೆ ನಡೆಯುತ್ತಿರುವಾಗ ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಮಾತು ತೊದಲಿದರೆ, ಒಂದು ಕೈ ಸೋತಂತಾದರೆ ಕಾಯುವುದು ಬೇಡ, ಆಸ್ಪತ್ರೆಗೆ ಹೋಗಿ. ದೊಡ್ಡ ಸರ್ಕಾರಿ ಆಸ್ಪತ್ರೆ ಪೋರ್ಟ್ ಬ್ಲೇರ್‌ನಲ್ಲಿದೆ. ಸಣ್ಣ ದ್ವೀಪಗಳಲ್ಲಿ ಅಷ್ಟು ಅನುಕೂಲ ಇಲ್ಲ.

ಇನ್ನೊಂದು ದಾರಿ ಏನನ್ನೂ ನುಂಗದೆ ಹೋಗುವುದು. ನನ್ನನ್ನು ಕೇಳಿದರೆ ನಿಮಗೆ ಇದೇ ಒಳ್ಳೆಯದು. ಸಲಹೆ ಸಪ್ಪೆ ಅನ್ನಿಸಬಹುದು, ಆದರೆ ನಿಮ್ಮ ತಾರೀಕುಗಳನ್ನು ಕಾಗದದ ಮೇಲೆ ಬರೆದು ನೋಡಿದೆ. ಬಹುತೇಕರಿಗೆ ಹೆಚ್ಚು ಹೋಗುವುದು ಮೊದಲ ಎರಡು ದಿನ. 18ಕ್ಕೋ 19ಕ್ಕೋ ಆಯಿತು ಅಂತ ಇಟ್ಟುಕೊಳ್ಳಿ. 18ರಿಂದ 20ರವರೆಗೆ ಪೋರ್ಟ್ ಬ್ಲೇರ್‌ನಲ್ಲೇ ಉಳಿಯಿರಿ. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲಾರ್ ಜೈಲು ಅಲ್ಲಿದೆ, ಸಂಜೆ ಧ್ವನಿ ಬೆಳಕಿನ ಪ್ರದರ್ಶನವಿದೆ. ಹಿಂದೆ ರಾಸ್ ದ್ವೀಪ ಎನ್ನುತ್ತಿದ್ದ ಜಾಗ ದೋಣಿಯಲ್ಲಿ ಹತ್ತಿರ. ಇದಕ್ಕೆಲ್ಲ ನೀರಿಗೆ ಇಳಿಯಬೇಕಾಗಿಲ್ಲ. ಹ್ಯಾವ್‌ಲಾಕ್‌ಗೆ, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ, 20ರ ಮಧ್ಯಾಹ್ನವೋ 21ರ ಬೆಳಿಗ್ಗೆಯೋ ಹೋಗಿ. ಅಷ್ಟೊತ್ತಿಗೆ ರಕ್ತ ಕಡಿಮೆಯಾಗಿರುತ್ತದೆ. ರಾಧಾನಗರ ಬೀಚಿನ ಸಂಜೆ ನಿಮಗೆ ಸಿಕ್ಕೇ ಸಿಗುತ್ತದೆ. ಬುಕಿಂಗ್ ಮಾಡಿಸಿದವರಿಗೆ ಈಗಲೇ ಫೋನ್ ಮಾಡಿದರೆ ದಿನ ಹಿಂದುಮುಂದು ಮಾಡಿಕೊಡುತ್ತಾರಾ ಅಂತ ಕೇಳಬಹುದು. ಜನವರಿ ಅಲ್ಲಿ ಜನ ಜಾಸ್ತಿ ಇರುವ ಕಾಲ, ತಡ ಮಾಡಬೇಡಿ.

ಮುಟ್ಟಿನಲ್ಲಿ ಸಮುದ್ರಕ್ಕೆ ಇಳಿಯಬಾರದು ಎಂದು ವೈದ್ಯಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಪ್ಯಾಡ್ ಹಾಕಿಕೊಂಡು ಇಳಿದರೆ ಅದು ನೀರು ಕುಡಿದು ಭಾರವಾಗಿ ಜಾರುತ್ತದೆ, ಅಷ್ಟೇ ತೊಂದರೆ. ಯೋನಿಯೊಳಗೆ ಇಟ್ಟುಕೊಳ್ಳುವ ಹತ್ತಿಯ ಟ್ಯಾಂಪೂನ್ ಬಳಸಬಹುದು. ನಾಲ್ಕರಿಂದ ಎಂಟು ಗಂಟೆಯೊಳಗೆ ಬದಲಿಸಬೇಕು, ಮರೆತು ರಾತ್ರಿಯೆಲ್ಲ ಇಡಬಾರದು. ಮುಟ್ಟಿನ ಕಪ್ ಒಳ್ಳೆಯದೇ. ಆದರೆ ಅದು ಕೈಗೆ ಹಿಡಿತಕ್ಕೆ ಬರಲು ಒಂದೆರಡು ತಿಂಗಳು ಬೇಕು, ಪ್ರವಾಸದಲ್ಲೇ ಮೊದಲ ಸಲ ಹಾಕಲು ಹೋಗಬೇಡಿ. ರಕ್ತದ ವಾಸನೆಗೆ ಶಾರ್ಕ್ ಬರುತ್ತದೆ ಎಂದು ರೀಲ್ಸ್‌ನಲ್ಲಿ ಹೆದರಿಸುತ್ತಾರೆ. ಮುಟ್ಟಿನ ಹೆಂಗಸರನ್ನು ಶಾರ್ಕ್ ಹುಡುಕಿಕೊಂಡು ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅಂಡಮಾನ್‌ನಲ್ಲಿ ನಿಜವಾಗಿ ಇರುವುದು ಉಪ್ಪುನೀರಿನ ಮೊಸಳೆ. ಬೋರ್ಡ್ ಹಾಕಿರುವ ಕಡೆ ಯಾರೂ, ಯಾವ ದಿನವೂ ಇಳಿಯಬಾರದು.

ಆ ದಿನಗಳಲ್ಲಿ ಗಂಡ ಹೆಂಡತಿ ಸೇರಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಬ್ಬರಿಗೂ ಇಷ್ಟವಿದ್ದರೆ ದೇಹಕ್ಕೆ ಕೇಡಿಲ್ಲ. ಇಷ್ಟವಿಲ್ಲದಿದ್ದರೆ ಬೇಡ. ಆಗ ಗರ್ಭ ನಿಲ್ಲುವುದಿಲ್ಲ ಎಂದುಕೊಂಡು ಕಾಂಡೋಮ್ ಬಿಡಬೇಡಿ.

ಇನ್ನು ಸ್ಕೂಬಾ. ಈಜು ಬರದಿದ್ದರೂ ಮೊದಲ ಸಲದವರನ್ನು ಕರೆದೊಯ್ಯುತ್ತಾರೆ, 12 ಮೀಟರ್‌ಗಿಂತ ಆಳಕ್ಕಲ್ಲ. ತರಬೇತುದಾರ ಹಿಡಿದೇ ಇರುತ್ತಾನೆ. ಇಳಿಯುವ ಮೊದಲು ಒಂದು ಆರೋಗ್ಯದ ಫಾರಂ ಕೊಡುತ್ತಾರೆ. ಅದರಲ್ಲಿ ಆಸ್ತಮಾ, ಫಿಟ್ಸ್, ಕಿವಿ ಆಪರೇಷನ್, ಗರ್ಭಿಣಿಯೇ ಎಂಬುದರ ಜೊತೆ ಮೈಗ್ರೇನ್ ಬಗ್ಗೆಯೂ ಪ್ರಶ್ನೆ ಇರುತ್ತದೆ. ಹೌದು ಎಂದು ಬರೆದರೆ ಡಾಕ್ಟರ ಪತ್ರ ಕೇಳುತ್ತಾರೆ. ಆ ಗಡಿಬಿಡಿಯಲ್ಲಿ ಎಲ್ಲದಕ್ಕೂ 'ಇಲ್ಲ' ಎಂದು ಗೀಟು ಹಾಕಿ ಇಳಿಯುವವರು ಬಹಳ. ನೀವು ಹಾಗೆ ಮಾಡಬೇಡಿ. ಇಲ್ಲಿಂದಲೇ ಪತ್ರ ತಗೊಂಡು ಹೋಗಿ. ಡಾಕ್ಟರು ಬೇಡ ಎಂದರೆ ನೀವು ಸ್ನಾರ್ಕೆಲ್, ಅಂದರೆ ಉಸಿರಾಡುವ ಕೊಳವೆ, ಹಾಕಿಕೊಂಡು ಮೇಲಿಂದಲೇ ಹವಳ ನೋಡಿ, ನಿಮ್ಮ ಮನೆಯವರು ಕೆಳಗೆ ಹೋಗಿ ಬರಲಿ. ಮೂಗು ಕಟ್ಟಿ ನೆಗಡಿ ಆಗಿದ್ದ ದಿನ ಇಬ್ಬರೂ ಇಳಿಯಬಾರದು, ಕಿವಿಯ ಪರದೆಗೆ ಪೆಟ್ಟಾಗುತ್ತದೆ. ಒಂದು ಸಲ ಡೈವ್ ಮಾಡಿದ ಮೇಲೆ ಕನಿಷ್ಠ 12 ಗಂಟೆ, ಎರಡು ಮೂರು ಸಲ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು. 23ಕ್ಕೆ ವಾಪಸ್ ಅಲ್ವಾ? ಡೈವ್ 21ಕ್ಕೆ ಅಥವಾ 22ರ ಬೆಳಿಗ್ಗೆಯೇ ಮುಗಿಯಲಿ.

ಬಸ್ಸಿನಲ್ಲಿ ವಾಂತಿಯಾಗುವವರಿಗೆ ಹ್ಯಾವ್‌ಲಾಕ್ ಹಡಗು ಸುಮಾರು ಒಂದೂವರೆ ಎರಡು ಗಂಟೆಯ ಪರೀಕ್ಷೆ. ಪ್ರೊಮೆಥಾಜಿನ್ ಜಾತಿಯ ಗುಳಿಗೆ ಬರೆಸಿಕೊಳ್ಳಿ. ಹತ್ತುವುದಕ್ಕೆ ಒಂದೆರಡು ಗಂಟೆ ಮೊದಲೇ ತಗೊಳ್ಳಬೇಕು, ಹೊಟ್ಟೆ ತೊಳೆಸಲು ಶುರುವಾದ ಮೇಲಲ್ಲ. ನಿದ್ದೆ ಬರುತ್ತದೆ, ಅದನ್ನು ತಗೊಂಡ ದಿನ ಡೈವ್ ಬೇಡ. ಹಡಗಿನ ನಡುವಿನ ಸೀಟು ಕೇಳಿ, ಮೊಬೈಲ್ ನೋಡದೆ ದೂರದ ನೀರಿನ ಗೆರೆ ನೋಡುತ್ತಾ ಕೂಡಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಒಂದು ತೆಳ್ಳನೆಯ ಖಡಕ್ ರೊಟ್ಟಿ ತಿಂದರೆ ಸಾಕು, ಶೇಂಗಾ ಹಿಂಡಿ ಎಣ್ಣೆ ರಾತ್ರಿಗಿರಲಿ.

ಹೊಸ ಮದುಮಕ್ಕಳು ಪ್ರವಾಸದಿಂದ ಬಂದು ನನ್ನ ಹತ್ತಿರ ಹೆಚ್ಚಾಗಿ ತರುವ ತೊಂದರೆ ಮುಟ್ಟಿನದಲ್ಲ, ಉರಿಮೂತ್ರದ್ದು. ಹೆಂಗಸರ ಮೂತ್ರನಾಳ 4 ಸೆಂಟಿಮೀಟರಿನಷ್ಟು ಮಾತ್ರ, ಸೇರುವಾಗ ಹೊರಗಿನ ಕ್ರಿಮಿ ಸುಲಭವಾಗಿ ಒಳಗೆ ಹೋಗುತ್ತದೆ. ದಾರಿಯಲ್ಲಿ ಶೌಚಾಲಯ ಸರಿಯಿರುವುದಿಲ್ಲವೆಂದು ನಮ್ಮ ಹುಡುಗಿಯರು ನೀರೇ ಕುಡಿಯುವುದಿಲ್ಲ, ಒಂದಕ್ಕೆ ಬಂದರೂ ತಡೆದುಕೊಳ್ಳುತ್ತಾರೆ. ಇಲ್ಲಿಂದ ಹೈದರಾಬಾದ್ ರೈಲು, ಅಲ್ಲಿಂದ ವಿಮಾನ, ಆಮೇಲೆ ಹಡಗು. ಅಷ್ಟು ಹೊತ್ತು ತಡೆದರೆ ಏನಾಗಬೇಕು? ನೀರು ಕುಡಿಯಿರಿ, ಸೇರಿದ ಮೇಲೆ ಎದ್ದು ಒಂದಕ್ಕೆ ಹೋಗಿ ಬನ್ನಿ, ಒದ್ದೆ ಬಟ್ಟೆಯಲ್ಲಿ ಸಂಜೆಯವರೆಗೆ ಕೂಡಬೇಡಿ. ಉರಿಯ ಜೊತೆ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಬಂದರೆ ಊರಿಗೆ ಬಂದು ನೋಡೋಣ ಅನ್ನಬೇಡಿ. ಅಲ್ಲೇ ತೋರಿಸಿ.

ಬಿಸಿಲಿನ ಬಗ್ಗೆ ಒಂದೇ ಮಾತು. ಕಲಬುರಗಿಯವರಿಗೆ ಬಿಸಿಲು ಹೊಸದಾ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಇಲ್ಲಿ ನಾವು ಮಧ್ಯಾಹ್ನ ಹೊರಗೆ ಹೋಗುವುದಿಲ್ಲ, ಅಲ್ಲಿ ನಡು ಮಧ್ಯಾಹ್ನ ನೀರಿನಲ್ಲಿ ನಿಲ್ಲುತ್ತೇವೆ. ಬಿಸಿಲೂ ನೀರಡಿಕೆಯೂ ಮೈಗ್ರೇನನ್ನು ಎಬ್ಬಿಸುತ್ತವೆ, ನೆನಪಿರಲಿ.

ಗಂಡನಿಗೆ ಹೇಳಲು ನಾಚಿಕೆ ಎಂದಿದ್ದೀರಿ. ಪತ್ರದಲ್ಲಿ ನನಗೆ ಹೆಚ್ಚು ನಾಟಿದ್ದು ಇದೇ. ನಿಮ್ಮ ಡೇಟು ನೆಗೆಣ್ಣಿಗೆ ಗೊತ್ತು, ಅತ್ತೆಗೆ ಗೊತ್ತು, ಈಗ ನನಗೂ ಗೊತ್ತು. ಜೊತೆಗೆ ಬರುವವರಿಗೆ ಮಾತ್ರ ಗೊತ್ತಿಲ್ಲ. ಅವರು ಕೇಳದೆ ಟಿಕೆಟ್ ಮಾಡಿಸಿದ್ದು ಪ್ರೀತಿಯಿಂದ, ಹೇಳಿದರೆ ಖಂಡಿತ ಹೊಂದಿಸುತ್ತಾರೆ ಅನ್ನಿಸುತ್ತದೆ. ಬಾಯಲ್ಲಿ ಹೇಳಲಾಗದಿದ್ದರೆ ಮೊಬೈಲಿನ ಕ್ಯಾಲೆಂಡರ್ ತೆಗೆದು 18ರ ಮೇಲೆ ಒಂದು ಗುರುತು ಹಾಕಿ ತೋರಿಸಿ. ನನ್ನ ಕ್ಲಿನಿಕ್‌ನಲ್ಲಿ ಒಬ್ಬಳು ಹಾಗೆ ಮಾಡಿದಳು. ಅವಳ ಗಂಡ ಅದನ್ನು ನೋಡಿ, 'ಮೊದಲೇ ಹೇಳಬಾರದಿತ್ತಾ?' ಅಂದ. ಅಷ್ಟೇ.

ಜನವರಿ 10ರೊಳಗೆ ನಿಮ್ಮ ಹತ್ತಿರದ ಸ್ತ್ರೀರೋಗ ತಜ್ಞರನ್ನು ಕಾಣಿ, ಗಂಡನನ್ನೂ ಕರೆದುಕೊಂಡು ಹೋಗಿ. ಕಳೆದ ಮೂರು ತಿಂಗಳ ಮುಟ್ಟಿನ ತಾರೀಕು, ಮಿಂಚಿ ತಲೆನೋವು ಬಂದ ದಿನಗಳು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದರೆ ಅದು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಿಪಿ ನೋಡಿಸಿಕೊಳ್ಳಿ, ಡೈವ್ ಪತ್ರ ಕೇಳಿ. ಒಂದು ವರ್ಷಕ್ಕೆ ಗರ್ಭ ಬೇಡವೆಂದರೆ ಈಸ್ಟ್ರೋಜೆನ್ ಇಲ್ಲದ ದಾರಿಗಳು ಯಾವುವು ಎಂಬುದನ್ನೂ ಅವತ್ತೇ ಮಾತಾಡಿ. ನೆಗೆಣ್ಣಿ ಕೊಟ್ಟ ಸ್ಟ್ರಿಪ್ಪನ್ನೂ ಪರ್ಸಿನಲ್ಲಿ ಹಾಕಿಕೊಂಡು ಹೋಗಿ. ಅದರ ಹೆಸರು, ಎಕ್ಸ್‌ಪೈರಿ ಎರಡನ್ನೂ ಡಾಕ್ಟರು ನೋಡಲಿ.